ಭೈರವನ ಬೆಟ್ಟಕ್ಕೆ ಹೊತ್ತ ಎಣ್ಣೆ

ಕೋಣನಕುಂಟೆಯ ಚಲುವರಾಜುವಿಗೆ ಎತ್ತರವೆಂದರೆ ಜೀವ ಬಾಯಿಗೆ ಬರುತ್ತಿತ್ತು. ಅಪ್ಪನ ರಾಗಿ ಹೊಲದಲ್ಲಿ ನಾಲ್ಕು ಅಂತಸ್ತಿನ ಮನೆ ಎಬ್ಬಿಸಿ ಬಾಡಿಗೆಗೆ ಕೊಟ್ಟಿದ್ದ ಮನುಷ್ಯ, ಗೃಹಪ್ರವೇಶದ ದಿನ ಬಿಟ್ಟರೆ ತನ್ನದೇ ತಾರಸಿ ಹತ್ತಿದವನಲ್ಲ. ಯಾರಾದರೂ ಕೇಳಿದರೆ ಮಂಡಿ ನೋವಿನ ನೆಪ. ಮೆಟ್ರೊ ಹತ್ತಿದರೆ ಸುರಂಗ ಬರುವವರೆಗೂ ನಿದ್ದೆ ಬಂದವನಂತೆ ಕಣ್ಣು ಮುಚ್ಚಿಕೊಂಡುಬಿಡುವನು. ಹೆಂಡತಿ ಮಧುಮತಿಗೂ ಈ ಗುಟ್ಟು ಗೊತ್ತಿರಲಿಲ್ಲ. ಊರ ಪಂಚಾಯಿತಿಕೆಗೆಲ್ಲ ಮುಂದೆ ನಿಲ್ಲುವ ಗಂಡಸು, ಅದೂ ಅಷ್ಟು ದಪ್ಪ ಮೀಸೆ ಬಿಟ್ಟವನು, ನನಗೆ ಹೆದರಿಕೆ ಎಂದು ಯಾವ ಬಾಯಲ್ಲಿ ಹೇಳಿಯಾನು?

ಕನಕಪುರದಾಚೆಯ ಭೈರವ ಅವರ ಮನೆದೇವರು. ಕಾರ್ತಿಕದ ಕಡೇ ಸೋಮವಾರ ಬೆಟ್ಟದ ನೆತ್ತಿಯಲ್ಲಿ ದೀಪ ಹಚ್ಚಬೇಕು. ಎಣ್ಣೆಯ ಬಿಂದಿಗೆಯನ್ನು ಮನೆಯ ಹಿರಿಮಗ ಎರಡೂ ಕೈಯಲ್ಲಿ ಹಿಡಿದು, ಎಲ್ಲೂ ನೆಲಕ್ಕಿಡದೆ, ಇನ್ನೊಬ್ಬರಿಗೆ ಕೊಡದೆ ಮೇಲಕ್ಕೆ ಒಯ್ಯಬೇಕು. ಇಷ್ಟು ದಿನ ಅಪ್ಪ ಹೊತ್ತಿದ್ದರು. ಅವರ ವರ್ಷದ ತಿಥಿ ಮುಗಿದಿದ್ದೇ ತಡ, ಚಿಕ್ಕಪ್ಪ ತಿಮ್ಮರಾಯಪ್ಪ ಬಂದು ಕೂತರು.

"ಈ ಸಲದಿಂದ ನಿಂದೇ ಕಣಪ್ಪಾ. ಮಂಡಿ ಗಿಂಡಿ ಅಂತ ಸಬೂಬು ಹೇಳ್ಬೇಡ."

ಆ ಸೋಮವಾರ ಬಿಂದಿಗೆ ಹಿಡಿದು ಕಾಡಿನ ದಾರಿಯಲ್ಲಿ ಹೇಗೋ ನಡೆದ. ಕೊನೆಯಲ್ಲಿ ಸಿಕ್ಕಿದ್ದು ಬೋಳು ಬಂಡೆ. ಕಡಿದ ಮೆಟ್ಟಿಲು ಒಂದೊಂದು ಪಾದಕ್ಕಷ್ಟೇ ಸಾಲುತ್ತಿತ್ತು, ಎರಡೂ ಪಕ್ಕ ಬರೀ ಗಾಳಿ. ಜೊತೆಗೆ ಬಂದಿದ್ದ ನೆಂಟರೆಲ್ಲ ಸಲೀಸಾಗಿ ಹತ್ತಿ ತುದಿ ಸೇರಿದರು. ಗಂಡ ನಿಧಾನವೆಂದು ಮಧುಮತಿ ಅವನ ಹಿಂದೆಯೇ ಬರುತ್ತಿದ್ದಳು. ಚಲುವರಾಜು ನಾಲ್ಕು ಮೆಟ್ಟಿಲು ಹತ್ತಿ ನಿಂತುಬಿಟ್ಟ. ಹಿಡಿದುಕೊಳ್ಳಲು ಒಂದು ಬದಿಗೆ ಕಂಬಿಯೇನೋ ಇದೆ, ಆದರೆ ಕೈ ಖಾಲಿಯಿಲ್ಲ.

"ಯಾಕ್ರೀ ನಿಂತ್ರಿ?"

"ಏನಿಲ್ಲ ಕಣೇ, ಉಸಿರು ತಗೋತಿದೀನಿ."

ಮುಂದಿನ ಹೆಜ್ಜೆಗೆ ಕಾಲು ಜಾರಿತು. ಕೈ ಅವನನ್ನು ಕೇಳಲಿಲ್ಲ. ಬಿಂದಿಗೆ ಬಿಟ್ಟು ಕಂಬಿ ಹಿಡಿಯಿತು. ಬಿಂದಿಗೆ ಢಣಢಣ ಉರುಳಿತು. ಎಣ್ಣೆ ಮೆಟ್ಟಿಲ ಮೇಲೆ ಹರಡಿಕೊಂಡು ನೇರ ಮಧುಮತಿಯ ಕಾಲಡಿಗೆ ಹೋಯಿತು. "ಅಮ್ಮಾ!" ಎಂಬ ಕೂಗು ಕೇಳಿತು. ಆಮೇಲೆ ಸದ್ದೇ ಇಲ್ಲ.

ಅವನು ಕೆಳಗೆ ನೋಡಲೇಬೇಕಾಯಿತು. ಬಂಡೆಯ ಪಕ್ಕಕ್ಕೆ ಜಾರಿದ್ದ ಅವಳು ಒಂದು ಸೀಳಿಗೆ ಬೆರಳು ಸಿಕ್ಕಿಸಿಕೊಂಡು ಬೋರಲಾಗಿ ಬಿದ್ದಿದ್ದಳು. ಅವಳ ಕಾಲಿನ ಕೆಳಗೆ ಮರಗಳ ತಲೆ ಕಾಣುತ್ತಿತ್ತು. ಚಲುವರಾಜು ಭೈರವನನ್ನೂ ಸತ್ತ ಅಪ್ಪನನ್ನೂ ಒಟ್ಟಿಗೆ ಬೈದುಕೊಂಡು, ಎಣ್ಣೆಯಿಲ್ಲದ ಬದಿಯಲ್ಲಿ ಕೂತುಕೊಂಡೇ ಇಂಚಿಂಚಾಗಿ ಕೆಳಗೆ ಸರಿದ. ಒಂದು ಕೈಯಲ್ಲಿ ಕಂಬಿ, ಇನ್ನೊಂದರಲ್ಲಿ ಅವಳ ಮಣಿಕಟ್ಟು. ಮೇಲೆಳೆಯಲು ಅವನಲ್ಲಿ ಶಕ್ತಿ ಉಳಿದಿರಲಿಲ್ಲ.

"ಏನೋ ಅದು ಸದ್ದು? ಎಣ್ಣೆ ಎಲ್ಲೋ?" ಮೇಲಿನಿಂದ ಚಿಕ್ಕಪ್ಪನ ದನಿ.

"ಎಣ್ಣೆ ಹೋಯ್ತು! ಹಗ್ಗ ತನ್ನಿ! ನಂಗೆ ಹೆದ್ರಿಕೆ ಆಗ್ತಿದೆ, ಮೊದ್ಲಿಂದ್ಲೂ ಹೆದ್ರಿಕೆನೇ! ಯಾರಾದ್ರೂ ಬನ್ರೋ!"

ಮಧುಮತಿ ಬಂಡೆಯಿಂದ ಕೆನ್ನೆ ಎತ್ತದೆಯೇ ಹೇಳಿದಳು: "ಇನ್ನೂ ಜೋರಾಗಿ ಕೂಗ್ರೀ."

ಅವನು ಇನ್ನೂ ಜೋರಾಗಿ ಕೂಗಿದ.