ಬಲಗಡೆ ಚಕ್ರದ ಹೊರ ಅಂಚು

ನನ್ನ ಡೈರಿಗಳಲ್ಲಿ ಹರಿದ ಪುಟ ಒಂದೂ ಇಲ್ಲ. ಆರನೇ ಕ್ಲಾಸಿನಿಂದ ಬರೆಯುತ್ತಿದ್ದೇನೆ. ತಪ್ಪಾದರೆ ಒಂದು ಗೆರೆ ಎಳೆದು ಪಕ್ಕದಲ್ಲಿ ಸರಿಯಾದದ್ದನ್ನು ಬರೆಯುತ್ತೇನೆ. ಗೆರೆಯ ಕೆಳಗಿನ ತಪ್ಪೂ ಓದಲು ಸಿಗಬೇಕು. ಆ ಫೆಬ್ರವರಿಯಲ್ಲಿ ಒಂದು ಪುಟ ಹರಿದರೆ ನನಗೇ ಒಳ್ಳೆಯದಿತ್ತು. ಹರಿ ಎಂದು ಹೇಳಿದವರೂ ಇದ್ದರು.

ಆಗ ನಾನು ಬಹ್ರೇನಿನ ಸಿತ್ರಾದ ಒಂದು ಯಾರ್ಡಿನಲ್ಲಿ ಆಫೀಸ್ ಕೆಲಸಕ್ಕಿದ್ದೆ. ನಮ್ಮಲ್ಲಿ ಬಾಡಿಗೆಗೆ ಕೊಡುವ ಆರು ಟ್ರೈಲರ್‌ಗಳಿದ್ದವು: ಮಂಚ, ಅಡುಗೆಕಟ್ಟೆ, ನೀರಿನ ಟ್ಯಾಂಕು ಎಲ್ಲ ಒಳಗೇ ಇರುವ, ಜೀಪಿನ ಹಿಂದೆ ಕಟ್ಟಿ ಎಳೆಯುವ ಪುಟ್ಟ ಮನೆಗಳು. ಒಂದೊಂದಕ್ಕೆ ಎರಡೇ ಚಕ್ರ, ನಡುವೆ ಅವನ್ನು ಜೋಡಿಸುವ ಒಂದು ಆಕ್ಸಲ್ ಕೊಳವೆ. ಚಳಿ ಶುರುವಾದರೆ ಇಲ್ಲಿನ ಕುಟುಂಬಗಳು ಸಖೀರ್‌ನ ಮರಳಿನಲ್ಲಿ ಡೇರೆ ಹಾಕುತ್ತವೆ, ಡೇರೆಯ ಪಕ್ಕಕ್ಕೆ ನಮ್ಮ ಟ್ರೈಲರ್ ಹೋಗುತ್ತದೆ. ಯಾವುದು ಎಂದು ಹೋಯಿತು, ಎಂದು ಬಂತು, ಒಳಗೆ ಎಷ್ಟು ಚಮಚ ಕಡಿಮೆ, ಇದೆಲ್ಲ ನನ್ನ ಲೆಕ್ಕ. ಎಳೆದುಕೊಂಡು ಹೋಗುವುದು ಡ್ರೈವರಣ್ಣನ ಕೆಲಸ. ಕಾಪು ಕಡೆಯವರು, ಬಹ್ರೇನಿಗೆ ಬಂದು ಹತ್ತೊಂಬತ್ತು ವರ್ಷ. ನಮ್ಮಿಬ್ಬರ ಮೇಲೆ ಮ್ಯಾನೇಜರ್, ಮಂಗಳೂರಿನವರೇ.

ಫೆಬ್ರವರಿ ಒಂಬತ್ತರ ಬೆಳಿಗ್ಗೆ ಮ್ಯಾನೇಜರ್ ಆರನೇ ಟ್ರೈಲರಿನ ಬಲಗಡೆ ಚಕ್ರದ ಎದುರು ಸೊಂಟಕ್ಕೆ ಕೈಕೊಟ್ಟು ನಿಂತಿದ್ದರು. ಟೈರಿನ ಹೊರಗಡೆಯ ಅಂಚು ಪೂರ್ತಿ ಬೋಳು, ಒಳಗಿನ ತಂತಿ ಕಾಣುವಷ್ಟು.

"ನೋಡಿ, ಇದು ನಿಮ್ಮ ಕೆಲಸ," ಎಂದರು ಡ್ರೈವರಣ್ಣನಿಗೆ. "ಮರಳಿಗೆ ಇಳಿಯುವಾಗ ಗಾಳಿ ಬಿಡ್ತೀರಿ. ರೋಡಿಗೆ ಬಂದ ಮೇಲೆ ವಾಪಸ್ ತುಂಬಿಸುದಿಲ್ಲ. ಚಪ್ಪಟೆ ಟೈರಲ್ಲೇ ಹೈವೇಯಲ್ಲಿ ಓಡಿಸ್ತೀರಿ."

"ನಾನು ಊಟ ಮರೆತೇನು ಸರ್, ಗಾಳಿ ಮರೆಯುದಿಲ್ಲ."

"ಟೈರು ಸುಳ್ಳು ಹೇಳ್ತದಾ ಹಾಗಾದ್ರೆ? ಎರಡು ಮೆಮೊ ಆಗಿದೆ. ಇದು ಮೂರನೆಯದು. ಖಲಾಸ್."

ಮೂರನೇ ಮೆಮೊ ಎಂದರೆ ನಮ್ಮ ಯಾರ್ಡಿನಲ್ಲಿ ಅರ್ಥ ಒಂದೇ: ವೀಸಾ ಕ್ಯಾನ್ಸಲ್. ಮೊದಲಿನ ಎರಡೂ ತಡವಾಗಿ ಬಂದದ್ದಕ್ಕೆ, ಅದೂ ಸಿತ್ರಾ ಸೇತುವೆಯ ಮೇಲಿನ ಟ್ರಾಫಿಕ್ ತಪ್ಪಿಗೆ. ಮೆಮೊ ಟೈಪ್ ಮಾಡುವವಳು ನಾನೇ. "ಹನ್ನೆರಡು ಗಂಟೆಗೆ ಟೇಬಲ್ ಮೇಲೆ ಇರ್ಲಿ," ಎಂದು ಹೇಳಿ ಅವರು ಒಳಗೆ ಹೋದರು.

ಮರಳಿನಲ್ಲಿ ಚಕ್ರ ಹೂತುಹೋಗದಿರಲು ಗಾಳಿ ಅರ್ಧಕ್ಕೆ ಇಳಿಸುವುದು ಇಲ್ಲಿ ಎಲ್ಲರೂ ಮಾಡುವುದೇ. ವಾಪಸ್ ತುಂಬಿಸಲು ಮರೆಯುವವರೂ ಬೇಕಾದಷ್ಟಿದ್ದಾರೆ. ಹಾಗಾಗಿ ಆರೋಪ ಕೇಳಲು ಸರಿಯಾಗಿಯೇ ಇತ್ತು. ನನಗೆ ಸಿಟ್ಟು ಬಂದದ್ದು ಬೇರೆ ಕಾರಣಕ್ಕೆ. ಅಳೆಯದೆ ತೀರ್ಪು ಕೊಡುವುದೆಂದರೆ ನನಗೆ ಮೊದಲಿನಿಂದಲೂ ಆಗದು. ಅಳತೆ ಕಡ್ಡಿ, ಡೈರಿ, ಪೆನ್ಸಿಲ್ ತೆಗೆದುಕೊಂಡು ಹೊರಗೆ ಬಂದೆ.

"ನೀನೆಂತ ಮಾಡ್ತಿ ಈಗ?" ಎಂದರು ಡ್ರೈವರಣ್ಣ.

"ಅಳೀತೇನೆ."

"ಅಳೆದು? ಟೈರಿಗೆ ಅಂಗಿ ಹೊಲಿಸ್ತಿಯಾ?"

ಪ್ರತಿ ಟೈರಿನ ಗೀರಿನ ಆಳವನ್ನು ಮೂರು ಕಡೆ ತೆಗೆದೆ: ಒಳ ಅಂಚು, ನಡು, ಹೊರ ಅಂಚು. ಎಡಗಡೆಯದು ಏಳು, ಏಳು, ಆರು ಮಿಲಿಮೀಟರ್. ಬಲಗಡೆಯದು ಏಳು, ನಾಲ್ಕು, ಸೊನ್ನೆ.

ಬರೆದುಕೊಂಡು ನೋಡಿದಾಗ ಮೊದಲ ಉತ್ತರ ಅಲ್ಲೇ ಇತ್ತು. ಗಾಳಿ ಕಡಿಮೆಯಾದ ಟೈರಿನ ನಡು ಮೇಲಕ್ಕೆ ಸರಿದು ಎರಡು ಅಂಚುಗಳ ಮೇಲೆ ಭಾರ ಬೀಳುತ್ತದೆ. ಸವೆದರೆ ಎರಡೂ ಅಂಚು ಸವೆಯಬೇಕು. ಗಾಳಿ ಮರೆಯುವ ಮನುಷ್ಯ ಒಂದೇ ಚಕ್ರಕ್ಕೆ ಮರೆಯುವುದೂ ಇಲ್ಲ. ಇಲ್ಲಿ ಸವೆದದ್ದು ಒಂದೇ ಚಕ್ರ, ಅದರದ್ದೂ ಒಂದೇ ಅಂಚು.

"ಗಾಳಿ ಅಲ್ಲ ಅಣ್ಣ," ಎಂದೆ. "ಚಕ್ರ ಓರೆಯಾಗಿದೆ."

ಅವರು ತಮಾಷೆ ಬಿಟ್ಟು ಜೀಪು ತಂದರು. ಟೈರೇ ಕೆಟ್ಟದ್ದಿರಬಹುದು ಎಂಬ ಮಾತಿಗೆ ಎಡೆ ಉಳಿಯಬಾರದೆಂದು ಬೋಳು ಚಕ್ರವನ್ನು ಎಡಕ್ಕೆ ಹಾಕಿಸಿ, ಎಡಗಡೆಯ ಒಳ್ಳೆಯ ಚಕ್ರವನ್ನು ಬಲಕ್ಕೆ ಹಾಕಿಸಿದೆ. ಅದರ ಮೈಮೇಲೆ ಅಡ್ಡಕ್ಕೆ ನಾಲ್ಕು ಕಡೆ ದಪ್ಪ ಚಾಕ್ ಗೆರೆ ಎಳೆದೆ. ಅಣ್ಣ ಟ್ರೈಲರನ್ನು ಯಾರ್ಡಿನ ಡಾಂಬರಿನ ಮೇಲೆ ನಿಧಾನಕ್ಕೆ ನೇರವಾಗಿ ಎಳೆದರು. ಗೇಟಿನ ತನಕ ಹೋಗುವಷ್ಟರಲ್ಲಿ ನಾಲ್ಕೂ ಗೆರೆಗಳ ಹೊರ ತುದಿ ಅಳಿಸಿಹೋಗಿತ್ತು. ಒಳ ತುದಿ ಹಾಗೆಯೇ ಬೆಳ್ಳಗೆ ಕೂತಿತ್ತು. ಟೈರು ಬದಲಾದರೂ ಸವೆಯುವ ಜಾಗ ಬದಲಾಗಲಿಲ್ಲ.

ಆಮೇಲೆ ಒಂದು ದಾರಕ್ಕೆ ನಟ್ ಕಟ್ಟಿ ಚಕ್ರದ ಎದುರು ಇಳಿಬಿಟ್ಟೆ. ದಾರದಿಂದ ರಿಮ್ಮಿನ ಮೇಲಂಚಿಗೆ ಎಷ್ಟು, ಕೆಳಂಚಿಗೆ ಎಷ್ಟು ಎಂದು ನೋಡಿದೆ. ಎಡಗಡೆ ಹೆಚ್ಚುಕಡಿಮೆ ಸಮ. ಬಲಗಡೆ ಕೆಳಗೆ ಹದಿನೆಂಟು ಮಿಲಿಮೀಟರ್ ಹೆಚ್ಚು. ಚಕ್ರದ ತಲೆ ಹೊರಗೆ ವಾಲಿತ್ತು.

ಡ್ರೈವರಣ್ಣ ರಟ್ಟು ಹಾಸಿ ಅಡಿಗೆ ನುಗ್ಗಿದರು. ಒಳಗಿಂದ ಧ್ವನಿ ಬಂತು: "ಆಕ್ಸಲೇ ಬಗ್ಗಿದೆ ಮಾರಾಯ್ತಿ! ಇಲ್ಲಿ ಬಾ. ಇದು ಗುಂಡಿಗೆ ಬಿದ್ದು ಬಗ್ಗಿದ್ದಲ್ಲ, ಕೆಳಗಿಂದ ಯಾರೋ ದೂಡಿದ ಹಾಗೆ ಉಂಟು. ಸಿಮೆಂಟಿನ ಗುರುತು ಸಹ ಉಂಟು."

ನಾನೂ ಬಗ್ಗಿ ನೋಡಿದೆ. ಆಕ್ಸಲಿನ ನಡುವಿಗಿಂತ ಸ್ವಲ್ಪ ಬಲಕ್ಕೆ, ಒಂದು ಗೇಣು ಉದ್ದದ ಬೂದು ಬಣ್ಣದ ಉಜ್ಜಿದ ಗುರುತು. ಅದನ್ನು ನೋಡಿದ ಕೂಡಲೇ ನನ್ನ ಕಿವಿ ಬಿಸಿಯಾಯಿತು. ಆ ಜಾಗ ನನಗೆ ಗೊತ್ತಿತ್ತು.

ಹಿಂದಿನ ವರ್ಷದ ಡೈರಿ ಆಫೀಸಿನ ಡ್ರಾಯರಿನಲ್ಲೇ ಇತ್ತು. ಮೇ ಇಪ್ಪತ್ತೇಳು. ನನ್ನದೇ ಅಕ್ಷರ:

"ಬೇಸಿಗೆಗೆ ಎಲ್ಲ ಟ್ರೈಲರ್ ಸ್ಟ್ಯಾಂಡಿನ ಮೇಲೆ, ಬಿಸಿ ನೆಲಕ್ಕೆ ಟೈರ್ ತಾಗದ ಹಾಗೆ. ಬೇಕಾದ ಸ್ಟ್ಯಾಂಡ್ 24. ಇರುವುದು 20. ಕೊರತೆ 4. ಆರನೆಯದಕ್ಕೆ ಆಕ್ಸಲ್ ಕೆಳಗೆ ಸಿಮೆಂಟ್ ಬ್ಲಾಕ್, ನಡುವೆ ಪೈಪ್ ಅಡ್ಡ ಇರುವುದರಿಂದ ಸ್ವಲ್ಪ ಬಲಕ್ಕೆ. ಮ್ಯಾನೇಜರ್ ಹೇಳಿದಂತೆ. ಕೊರತೆ ಬಗೆಹರಿಯಿತು."

ಕೆಳಗೆ ಎರಡು ಗೆರೆ ಎಳೆದು ಟಿಕ್ ಹಾಕಿದ್ದೆ. ಸ್ಟ್ಯಾಂಡು ಇರಬೇಕಾದದ್ದು ಮೇಲಿನ ಗಟ್ಟಿ ಚೌಕಟ್ಟಿನ ನಾಲ್ಕು ಮೂಲೆಗೆ. ನಾವು ಮನೆಯಷ್ಟು ಭಾರವನ್ನು, ನೀರು ತುಂಬಿದ ಟ್ಯಾಂಕಿನ ಸಮೇತ, ಒಂದು ಕೊಳವೆಯ ಒಂದೇ ಜಾಗದ ಮೇಲೆ ಅಕ್ಟೋಬರ್ ತನಕ ಕೂರಿಸಿದ್ದೆವು. ಆ ಮೇ ತಿಂಗಳಿಡೀ ಡ್ರೈವರಣ್ಣ ಊರಿಗೆ ರಜೆಯಲ್ಲಿ ಹೋಗಿದ್ದರು. ಅವರು ಹೋದ ತಾರೀಕು, ಬಂದ ತಾರೀಕು ಅದೇ ಡೈರಿಯಲ್ಲಿವೆ.

ಡೈರಿ ಮುಚ್ಚಿದೆ. ಅಳತೆಯ ಹಾಳೆ ಮಾತ್ರ ತೋರಿಸಿ, "ಆಕ್ಸಲ್ ಬಗ್ಗಿದೆ, ಕಾರಣ ಗೊತ್ತಿಲ್ಲ" ಎನ್ನಬಹುದಿತ್ತು. ಆದರೆ ಕಾರಣ ಗೊತ್ತಿಲ್ಲ ಎಂದರೆ ಮ್ಯಾನೇಜರ್ ಕಾರಣ ಹುಡುಕಿಕೊಡುತ್ತಾರೆ. "ಹಂಪ್ ಮೇಲೆ ಹಾರಿಸಿರ್ತಾರೆ" ಎನ್ನುತ್ತಾರೆ. ಮೆಮೊ ಮತ್ತೆ ಅಣ್ಣನ ಹೆಸರಿಗೇ ಬರುತ್ತದೆ.

ಹನ್ನೆರಡಕ್ಕೆ ಒಳಗೆ ಹೋದೆ. ಮೆಮೊ ಟೈಪ್ ಮಾಡಿರಲಿಲ್ಲ. ಅಳತೆಯ ಹಾಳೆ ಮೇಜಿನ ಮೇಲಿಟ್ಟು ಮೇ ಇಪ್ಪತ್ತೇಳರ ಪುಟವನ್ನು ನಿಂತುಕೊಂಡೇ ಓದಿದೆ. "ಮ್ಯಾನೇಜರ್ ಹೇಳಿದಂತೆ" ಎಂಬಲ್ಲಿ ಧ್ವನಿ ತಗ್ಗಿಸಲಿಲ್ಲ. "ಬಗೆಹರಿಯಿತು" ಎಂಬಲ್ಲೂ ತಗ್ಗಿಸಲಿಲ್ಲ.

ಅವರು ಡೈರಿಯ ಕಡೆ ಬೆರಳು ತೋರಿಸಿದರು. "ಇದೆಲ್ಲ ಯಾಕೆ ಬರೆದಿಡ್ತಿ ನೀನು?"

"ಅಭ್ಯಾಸ ಸರ್."

"ಬಾಗಿಲು ಹಾಕು." ಹಾಕಿದೆ. "ನೋಡು, ನಿನ್ನ ಟಿಕ್ ಸಹ ಉಂಟು ಅದರಲ್ಲಿ. ಓನರ್ ಕೈಗೆ ಸಿಕ್ಕಿದ್ರೆ ನಿನಗೂ ಕಷ್ಟ. ಆ ಒಂದು ಪುಟ ಹರಿದು ಬಿಡು. ಟೈರು ಬದಲಿಸುವ, ಮಾತು ಮುಗೀತು."

"ಅಣ್ಣನ ಮೆಮೊ?"

"ಅದು ಫೈಲಿಗೆ ಬೇಕಲ್ಲ. ಯಾರದ್ದಾದ್ರೂ ಹೆಸರು ಬೇಕಲ್ಲ."

"ಬೇಕಾದ್ರೆ ನನ್ನ ಹೆಸರು ಹಾಕಿ," ಎಂದೆ. "ಮೇಲೆ ಟಿಕ್ ಹಾಕಿದವಳು ಅಂತ ನಾನು. ಕೆಳಗೆ ಹೇಳಿದವರು ಅಂತ ನೀವು. ನಾನೇ ಟೈಪ್ ಮಾಡ್ತೇನೆ. ಗಾಳಿ ಅಂತ ಮಾತ್ರ ಟೈಪ್ ಮಾಡುದಿಲ್ಲ."

"ಮಾಡದಿದ್ರೆ?"

"ನನ್ನನ್ನೂ ಕ್ಯಾನ್ಸಲ್ ಮಾಡಿ. ತಾರೀಕು ಬರೆದಿಟ್ಕೊಳ್ತೇನೆ."

ಅವರು ಅಳತೆಯ ಹಾಳೆಯನ್ನು ಎರಡು ಸಲ ತಿರುಗಿಸಿ ನೋಡಿದರು. ಆಮೇಲೆ, "ಡ್ರೈವರ್ ಹೆಸರು ತೆಗಿ," ಎಂದರು.

ಮೆಮೊ ನನ್ನ ಹೆಸರಿಗೇ ಬಂತು. ಅವರ ಹೆಸರು ಅದರಲ್ಲಿ ಇರಲಿಲ್ಲ. ಸಹಿ ಹಾಕುವಾಗ ಕೆಳಗೆ ಕೈಯಲ್ಲಿ "ಮೇ 27ರ ಪುಟ ನೋಡಿ" ಎಂದು ಸೇರಿಸಿದೆ. ಆ ಪುಟದ ಪ್ರತಿಯನ್ನು ಫೈಲಿಗೆ ನಾನೇ ಪಿನ್ ಮಾಡಿದೆ.

ಹೊರಗೆ ಡ್ರೈವರಣ್ಣ ಎಡಗಡೆಯ ಚಕ್ರ ವಾಪಸ್ ಹಾಕುತ್ತಿದ್ದರು. ನಡೆದದ್ದನ್ನೆಲ್ಲ ಹೇಳಿದೆ. ನನ್ನ ಟಿಕ್ಕಿನ ವಿಷಯವನ್ನೂ ಬಿಡಲಿಲ್ಲ. ಅವರು ಸ್ಪ್ಯಾನರ್ ಕೆಳಗಿಟ್ಟರು.

"ಹಾಗಾದ್ರೆ ಮೂರು ತಿಂಗಳು ನಾನು ಓರೆ ಗಾಡಿ ಎಳೆದದ್ದು ನಿನ್ನಿಂದ?"

"ಹೌದು."

"ಬಲಕ್ಕೆ ಎಳೀತದೆ ಎಳೀತದೆ ಅಂತ ನಾನು ಹೇಳಿದ್ದು ಬರೆದಿದ್ದಿಯಾ?"

ಪುಟ ತಿರುವಿದೆ. ಇರಲಿಲ್ಲ. ಅವರು ಹೇಳಿದ್ದು ನನಗೆ ನೆನಪಿತ್ತು. ಚಹಾ ಕುಡಿಯುವಾಗಿನ ಗೊಣಗಾಟ ಎಂದು ಬಿಟ್ಟಿದ್ದೆ.

"ಇನ್ನು ಮುಂದೆ ಅದನ್ನೂ ಬರಿ," ಎಂದು ಹೇಳಿ ಅವರು ಮತ್ತೆ ಕೆಲಸಕ್ಕೆ ಬಗ್ಗಿದರು. ಅಂದಿನಿಂದ ಡೈರಿಯಲ್ಲಿ "ಅಣ್ಣ ಹೇಳಿದ್ದು" ಎಂಬ ಒಂದು ಸಾಲು ಇದೆ.

ಮೇ ತಿಂಗಳು ಮತ್ತೆ ಬಂತು. ಆರನೇ ಟ್ರೈಲರಿಗೆ ಹೊಸ ಆಕ್ಸಲ್ ಬಂದಿತ್ತು. ಸ್ಟ್ಯಾಂಡು ಎಣಿಸಿದೆ, ಅದೇ ಇಪ್ಪತ್ತು. ಮ್ಯಾನೇಜರ್ ಸಿಮೆಂಟ್ ಬ್ಲಾಕಿನ ರಾಶಿಯ ಕಡೆ ನೋಡುವಷ್ಟರಲ್ಲಿ ನಾನು ಟ್ರೈಲರ್ ಎತ್ತುವ ಜಾಕನ್ನು ಆಫೀಸಿನ ಕಪಾಟಿನಲ್ಲಿಟ್ಟು ಬೀಗ ಹಾಕಿದ್ದೆ. ಹೊರಗಿನ ಬೋರ್ಡಿನ ಮೇಲೆ, ಓನರ್ ಬಂದರೂ ಕಾಣುವ ಹಾಗೆ, "ಕೊರತೆ 4" ಎಂದು ಬರೆದೆ. ಮರುದಿನ ಯಾರೋ ಒರೆಸಿದ್ದರು. ಮತ್ತೆ ಬರೆದೆ. ಒಟ್ಟು ಒಂಬತ್ತು ಸಲ ಬರೆದೆ. ಹತ್ತನೇ ದಿನ ನಾಲ್ಕು ಸ್ಟ್ಯಾಂಡು ಬಂದವು. ಕಪಾಟಿನ ಬೀಗ ತೆಗೆದು ಜಾಕನ್ನು ಡ್ರೈವರಣ್ಣನ ಕೈಗೆ ಕೊಟ್ಟೆ.