ಕರು ತಿಂದ ಹರಕೆ

ನಮ್ಮ ಕಚೇರಿಗೆ ಕಂಪ್ಯೂಟರ್ ಬಂದಾಗ ಅದನ್ನು ಕಲಿಸಲು ಬಂದವರು ಮೊದಲ ದಿನವೇ ಎಚ್ಚರಿಸಿದರು: "ಈ ಯಂತ್ರವನ್ನು ಪೂರ್ತಿ ನಂಬಬೇಡಿ. ಬರೆದದ್ದಕ್ಕೆಲ್ಲ ಇನ್ನೊಂದು ಪ್ರತಿ ಬೇರೆ ಜಾಗದಲ್ಲಿ ಇಡಿ. ಇಟ್ಟ ಪ್ರತಿಯನ್ನು ತೆರೆಯಲು ಬರುತ್ತದೋ ಇಲ್ಲವೋ ಆಗಾಗ ನೋಡಿಕೊಳ್ಳಿ." ಉಳಿದವರು ತಲೆಯಾಡಿಸಿ ಚಹಾ ಕುಡಿಯಲು ಹೋದರು. ನಾನು ಮಾತ್ರ ಆ ಮಾತನ್ನು ಮನೆಯವರೆಗೂ ಹೊತ್ತು ತಂದೆ. ಈಗ ನನ್ನ ಕಡತಗಳ ಒಂದು ಫ್ಲಾಪಿ ಕಚೇರಿಯ ಕಪಾಟಿನಲ್ಲಿದೆ, ಒಂದು ಮನೆಯ ಅವಲಕ್ಕಿ ಡಬ್ಬಿಯಲ್ಲಿದೆ, ಮತ್ತೊಂದು ತೀರ್ಥಹಳ್ಳಿಯ ಮಾವನ ಮನೆಯ ದೇವರ ಗೂಡಿನಲ್ಲಿದೆ. "ಅವಲಕ್ಕಿ ತೆಗೆಯೋಣ ಅಂತ ಕೈ ಹಾಕಿದ್ರೆ ನಿಮ್ಮ ಆಫೀಸೇ ಕೈಗೆ ಬರ್ತದಲ್ರೀ" ಎಂದು ಹೆಂಡತಿ ಗೊಣಗುತ್ತಾಳೆ. ಗೊಣಗಲಿ. ಅವಳು ನನಗೆ ಸಿಗದೇ ಹೋಗುವ ಹಾಗೆ ಒಂದು ಕರು ಮಾಡಿತ್ತೆಂಬುದನ್ನು ಅವಳು ಮರೆತಿರಬಹುದು, ನಾನು ಮರೆತಿಲ್ಲ.

ಅರವತ್ತರ ದಶಕದ ಮಾತು. ಸಾಗರದ ಪೇಟೆಯಲ್ಲಿ ಅಪ್ಪನ ಸೈಕಲ್ ಅಂಗಡಿ, ಅದರ ಹಿಂದೆಯೇ ನಮ್ಮ ಮನೆ. ಮನೆಯಲ್ಲಿ ಅಪ್ಪ, ಅಮ್ಮ, ಹೈಸ್ಕೂಲೊಂದರಲ್ಲಿ ಹೊಸದಾಗಿ ಗುಮಾಸ್ತನಾಗಿದ್ದ ನಾನು, ಮತ್ತೆ ಅತ್ತೆ. ಅತ್ತೆ ಎಂದರೆ ಅಪ್ಪನ ತಂಗಿ. ಹುಟ್ಟಿದ್ದು ತೀರ್ಥಹಳ್ಳಿ ಹತ್ತಿರದ ಮೇಳಿಗೆಯ ಕಡೆ, ಕೊಟ್ಟಿದ್ದು ಹೊಸನಗರದಾಚೆಯ ನಗರವೆಂಬ ಊರಿಗೆ, ಗಂಡ ತೀರಿಕೊಂಡ ಮೇಲೆ ಬಂದಿದ್ದು ನಮ್ಮ ಮನೆಗೆ. ಹೀಗಾಗಿ ಅವಳ ದೇವರುಗಳು ಮೂರು ತಾಲ್ಲೂಕಿನಲ್ಲಿ ಹಂಚಿಹೋಗಿದ್ದರು.

ಅತ್ತೆಗೆ ಓದು ಬರಹ ಗೊತ್ತಿರಲಿಲ್ಲ, ಅದರ ಕೊರತೆಯೂ ಇರಲಿಲ್ಲ. ನೆನಪಿಡಬೇಕಾದದ್ದನ್ನೆಲ್ಲ ಸೆರಗಿಗೆ ಗಂಟು ಹಾಕಿಕೊಳ್ಳುತ್ತಿದ್ದಳು. ಪಕ್ಕದ ಮನೆಯಿಂದ ತಂದ ಸಕ್ಕರೆಗೆ ಒಂದು ಸಣ್ಣ ಗಂಟು. ಹಸುವಿಗೆ ಹಿಂಡಿ ತರಿಸಲು ಇನ್ನೊಂದು. ಹರಕೆಗಾದರೆ ಎರಡು ಸುತ್ತು ಹೊಸೆದು ಬಿಗಿದ ಗಂಟು. ಕೆಲಸ ಮುಗಿದ ಮೇಲೆ ಹಲ್ಲಿನಲ್ಲಿ ಕಚ್ಚಿ ಬಿಚ್ಚುವಳು. ಯಾವ ಗಂಟು ಯಾವುದಕ್ಕೆ ಎಂಬುದು ಅವಳಿಗೊಬ್ಬಳಿಗೇ ಗೊತ್ತು. ಸಕ್ಕರೆಯದನ್ನು ಕೇಳಿದರೆ ಹೇಳುತ್ತಿದ್ದಳು. ಹರಕೆಯದನ್ನು ಕೇಳಿದರೆ ಬಾಯಿ ಬಿಗಿ. "ತೀರಿಸೋ ತನಕ ಬಾಯ್ಬಿಟ್ರೆ ಫಲ ಹೋಗ್ತದೆ ಕಣಾ" ಎಂಬುದು ಅವಳ ಕಾನೂನು. ಅಂದರೆ ಇನ್ನೊಂದು ಪ್ರತಿ ಇಡುವುದಕ್ಕೇ ನಿಷೇಧ.

ಒಂದು ಮಳೆಗಾಲ ನನಗೆ ವಿಷಮಶೀತಜ್ವರ ಬಂತು. ನಾನು ಮೊದಲೇ ಚಿಂತೆಯ ಪ್ರಾಣಿ, ಸೀನು ಬಂದರೂ ಆಸ್ತಿ ಯಾರಿಗೆ ಎಂದು ಯೋಚಿಸುವವನು. ಆಸ್ತಿ ಎಂದರೆ ಒಂದು ಬಾಚಣಿಗೆ, ಒಂದು ಸೈಕಲ್ಲು. ಆ ಸಲ ಮಾತ್ರ ಯೋಚಿಸಲೂ ಶಕ್ತಿ ಇರಲಿಲ್ಲ. ಅತ್ತೆ ನನ್ನ ಹಾಸಿಗೆಯ ಪಕ್ಕ ಬಿಟ್ಟು ಏಳಲಿಲ್ಲವಂತೆ. ಕಣ್ಣು ಬಿಟ್ಟಾಗಲೆಲ್ಲ ನನಗೆ ಕಂಡದ್ದು ಅವಳ ಸೆರಗು. ಮೊದಲು ಒಂದು ಗಂಟಿತ್ತು, ಆಮೇಲೆ ಎರಡಾಯಿತು, ಜ್ವರ ಇಳಿಯುವ ಹೊತ್ತಿಗೆ ಮೂರು. ಮೂರೂ ಹೊಸೆದು ಬಿಗಿದವು.

ನಾನು ಎದ್ದು ಕೂತೆ, ಅವಳು ಮಲಗಿದಳು. ನನ್ನ ಜ್ವರವೇ ಅವಳಿಗೆ ಹತ್ತಿತ್ತು. ಅಮ್ಮ ಅವಳ ಸೀರೆ ಬದಲಿಸಿ, ಒಗೆದು, ಗಂಟು ಬಿಚ್ಚದೆ ಹಾಗೇ ಹಿತ್ತಲ ತಂತಿಯ ಮೇಲೆ ಹರವಿದಳು. ಹಿತ್ತಲಲ್ಲಿ ನಮ್ಮ ಹಸುವಿನ ಕರು ಇತ್ತು. ಸೈಕಲ್ ಸೀಟನ್ನೂ ರುಚಿ ನೋಡಿದ್ದ ಕರು ಅದು.

ಅಮ್ಮನ ಕೂಗಿಗೆ ಅಪ್ಪ ಅಂಗಡಿಯಿಂದ ಓಡಿ ಬರುವಷ್ಟರಲ್ಲಿ ಸೆರಗು ಕರುವಿನ ಬಾಯಲ್ಲಿ ಅರ್ಧ ಮರೆಯಾಗಿತ್ತು. ಅಪ್ಪ ಈ ಕಡೆಯಿಂದ ಎಳೆದರು, ಕರು ಆ ಕಡೆಯಿಂದ ಎಳೆಯಿತು. ಕರುವಿಗೆ ಹಲ್ಲು ಹೊಸದು, ಸೀರೆ ಹಳೆಯದು. ಪರ್‌ ಎಂದು ಅದು ಹರಿದದ್ದೇ ಅಪ್ಪ ಗೊಬ್ಬರದ ಗುಂಡಿಯ ಅಂಚಿಗೆ ಬಿದ್ದು ಕೂತರು. ಕರು ಮೂರೂ ಗಂಟುಗಳಿದ್ದ ತನ್ನ ಪಾಲನ್ನು ನುಂಗಿ, ಇನ್ನೇನಾದರೂ ಇದೆಯೇ ಎಂದು ಅಪ್ಪನ ಪಂಚೆಯ ಕಡೆ ನೋಡಿತು.

ಅಮ್ಮ ಮರುದಿನವಿಡೀ ಒಂದು ಕೋಲು ಹಿಡಿದು ಕರುವಿನ ಹಿಂದೆ ತಿರುಗಿದಳು, ಸಗಣಿಯಲ್ಲಿ ಏನಾದರೂ ಬಂದೀತೆಂದು.

"ಬಂತಾ?" ಎಂದು ಅಪ್ಪ ಅಂಗಡಿಯಿಂದಲೇ ಕೂಗುತ್ತಿದ್ದರು.

"ಇಲ್ಲ, ಬರೀ ಸಗಣಿ."

"ಬಂದ್ರೂ ಏನ್ ಮಾಡ್ತೀಯೆ? ಗಂಟು ಸಿಕ್ತು ಅಂತಾನೇ ಇಟ್ಕೋ, ಓದೋರ್ಯಾರು?"

ಅತ್ತೆ ಎದ್ದು ಗಂಜಿ ಕುಡಿಯುವ ಹೊತ್ತಿಗೆ ಜ್ವರ ಅವಳ ತಲೆಯಿಂದ ಆ ದಿನಗಳನ್ನೇ ಒರೆಸಿ ಹಾಕಿತ್ತು. ಕರುವಿನ ಸುದ್ದಿ ಹೇಳಿದೆವು. ಅವಳು ಹರಿದ ಸೆರಗಿನ ಅಂಚನ್ನು ಬೆರಳಲ್ಲಿ ತಡವಿ ಗಂಟು ಹುಡುಕಿದಳು. ಕೆಲವು ದಿನಗಳಲ್ಲಿ ಒಂದು ನೆನಪಾಯಿತು, ಪೇಟೆಯ ಗಣಪತಿಗೆ ತೆಂಗಿನಕಾಯಿ. ಒಡೆಸಿದಳು. ಇನ್ನೊಂದು ನೆನಪಾಯಿತು, ವರದಮೂಲದಲ್ಲಿ ಸ್ನಾನ. ನನ್ನನ್ನು ಕರೆದುಕೊಂಡು ಹೋಗಿ ತಣ್ಣೀರಿನಲ್ಲಿ ಮುಳುಗಿಸಿ ತೆಗೆದಳು. ಮೂರನೆಯದು ಮಾತ್ರ ಬರಲೇ ಇಲ್ಲ.

ಅಷ್ಟರಲ್ಲಿ ತೀರ್ಥಹಳ್ಳಿಯ ಕಡೆಯಿಂದ ನನಗೊಂದು ಸಂಬಂಧ ಬಂತು. ಹುಡುಗಿಯನ್ನು ನಾನು ಯಾರದೋ ಮದುವೆಯಲ್ಲಿ ನೋಡಿದ್ದೆ. ಪಾಯಸ ಬಡಿಸುವಾಗ ಸಾಕೇ ಎಂದು ಕೇಳಿದ್ದಳು, ಸಾಕು ಎನ್ನಲು ನಾಲಿಗೆ ಹೊರಳದೆ ಎಲೆಯಿಂದ ಪಾಯಸ ಹರಿದು ನನ್ನ ಪಂಚೆಗೆ ಬಂದಿತ್ತು. ಅಂದಿನಿಂದ ಅವಳೇ ಆಗಬೇಕೆಂದು ನನಗೆ. ಅಪ್ಪ ಅಮ್ಮನಿಗೂ ಒಪ್ಪಿಗೆ. ಅತ್ತೆ ಮಾತ್ರ ಅಡ್ಡ ಕೂತಳು.

"ಹರಕೆ ಬಾಕಿ ಇಟ್ಕೊಂಡು ಮದುವೆ ಮಾಡಿದ್ರೆ ದೇವರು ಸುಮ್ನಿರ್ತಾನಾ? ಮೂರನೇದು ತೀರ್ಲಿ, ಆಮೇಲೆ ತಾಂಬೂಲ."

"ಯಾವ ದೇವರು ಅಂತ ಗೊತ್ತಿಲ್ಲ, ಎಂತ ಹರಕೆ ಅಂತ ಗೊತ್ತಿಲ್ಲ. ತೀರಿಸೋದು ಹ್ಯಾಂಗೆ ತಂಗಿ?" ಎಂದರು ಅಪ್ಪ.

"ಅದಕ್ಕೇ ನೆನಪಾಗ್ಬೇಕು ಅಂದಿದ್ದು."

ಅಪ್ಪ ಸೈಕಲ್ಲಿನ ಚೈನಿಗೆ ಎಣ್ಣೆ ಬಿಡುತ್ತ ನನ್ನ ಕಡೆ ನೋಡಿದರು. "ಜ್ವರದ ಹರಕೆ ಅಂದ್ರೆ ಮತ್ತೇನಿರ್ತದೆ? ಮುಡಿ ಕೊಡ್ತೀನಿ ಅಂದಿರ್ತಾಳೆ."

ನನ್ನ ಕೈ ತಾನಾಗಿ ತಲೆಗೆ ಹೋಯಿತು. ಆ ಕಾಲದಲ್ಲಿ ನನಗೆ ಕೂದಲಿತ್ತು. ಈಗಿನವರು ನಂಬುವುದಿಲ್ಲ, ಆದರೆ ಇತ್ತು. ಹಣೆಯ ಮೇಲೆ ಅಲೆಯಂತೆ ಏಳುವ ಕೂದಲು. ಜ್ವರದಲ್ಲಿ ಅರ್ಧ ಉದುರಿ, ಕೊಬ್ಬರಿ ಎಣ್ಣೆ ತಿಕ್ಕಿ ತಿಕ್ಕಿ ಆಗಷ್ಟೇ ಮರಳಿ ಬರುತ್ತಿತ್ತು. ನನ್ನಲ್ಲಿ ಹೆಣ್ಣಿನ ಕಡೆಯವರಿಗೆ ತೋರಿಸುವಂಥದ್ದು ಅದೊಂದೇ. ಬೋಳುಮಂಡೆಯಲ್ಲಿ ಆ ಹುಡುಗಿಯ ಮುಂದೆ ಕೂತು ಉಪ್ಪಿಟ್ಟು ತಿನ್ನುವ ನನ್ನ ಚಿತ್ರ ಕಣ್ಣಿಗೆ ಕಟ್ಟಿತು. ಅಂದಿನಿಂದ ತಲೆಯನ್ನು ಮುಟ್ಟಿ ಮುಟ್ಟಿ ನೋಡಿಕೊಳ್ಳುವುದು ಒಂದು ರೋಗವೇ ಆಯಿತು.

ಮುಂದೆ ಹೀಗಾಗಬಾರದೆಂದು ಒಂದು ಏರ್ಪಾಡನ್ನೂ ಮಾಡಿದೆ. ಅತ್ತೆಯ ಸೆರಗಿನಲ್ಲಿ ಹೊಸ ಗಂಟು ಕಂಡ ಕೂಡಲೇ ಅಂಥದ್ದೇ ಒಂದನ್ನು ನನ್ನ ಕರ್ಚೀಫಿಗೆ ಹಾಕಿಕೊಳ್ಳುವುದು. ದೊಡ್ಡದಕ್ಕೆ ದೊಡ್ಡದು, ಹೊಸೆದದ್ದಕ್ಕೆ ಹೊಸೆದದ್ದು. ಬಹಳ ಜಾಣತನದ ಉಪಾಯವೆಂದು ಬೀಗಿದೆ. ಕೆಲವೇ ದಿನಗಳಲ್ಲಿ ಕರ್ಚೀಫು ಮೂಗು ಒರೆಸಲು ಬಾರದಂತಾಯಿತು. ಅತ್ತೆ ತನ್ನ ಗಂಟುಗಳನ್ನು ಬಿಚ್ಚಿ ಹಗುರಾಗುತ್ತಿದ್ದಳು. ಯಾವುದನ್ನು ಬಿಚ್ಚಬೇಕೆಂದು ತಿಳಿಯದೆ ನನ್ನವು ಬೆಳೆಯುತ್ತಲೇ ಹೋದವು. "ಎಂತದಾ ಅದು?" ಎಂದು ಅತ್ತೆ ಕೇಳಿದಳು. ಪ್ರತಿ, ಯಾವುದನ್ನೂ ಎಲ್ಲಾದರೂ ಇನ್ನೊಂದು ಕಡೆ ಹೇಳಿಡಬೇಕು ಎಂದೆ. "ಯಾವುದರದ್ದು?" ಎಂದಳು. ಅದು ಮಾತ್ರ ನನಗೆ ಗೊತ್ತಿರಲಿಲ್ಲ.

ಕೊನೆಗೆ ಅವಳೇ ಒಂದು ದಾರಿ ಹೇಳಿದಳು. ದೇವರನ್ನು ಎದುರಿಗೆ ಕಂಡರೆ ಹರಕೆ ನೆನಪಾದೀತು. ನಾವಿಬ್ಬರೂ ಬಸ್ಸು ಹತ್ತಿದೆವು. ಹೊಸನಗರದಲ್ಲಿ ಇಳಿದು ಒಂದು ಗುಡಿ, ಅಲ್ಲಿಂದ ನಗರ. ಕೋಟೆಯ ಹತ್ತಿರದ ಆಂಜನೇಯನ ಮುಂದೆ ನಿಂತು ಅತ್ತೆ ಅವನ ಮುಖವನ್ನೇ ನೋಡಿದಳು. "ಏನಾ, ನಿಂಗೇನಾ ನಾನ್ ಹೇಳಿದ್ದು?" ಪೂಜೆಯವರು ಗಾಬರಿಯಾಗಿ ಬೇಗ ಬೇಗ ತೀರ್ಥ ಕೊಟ್ಟರು. ಗುಡಿಯ ಆಚೆ ಮರದ ಕೆಳಗೆ ಕ್ಷೌರದವನೊಬ್ಬ ಕತ್ತಿ ಮಸೆಯುತ್ತಿದ್ದ. ನಾನು ಆ ಕಡೆ ಬೆನ್ನು ಹಾಕಿ ನಿಂತೆ.

ಮೇಳಿಗೆಯ ಕಡೆಗೆ ಹೋಗಲೆಂದು ತೀರ್ಥಹಳ್ಳಿಯಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ಎದುರಿಗೆ ಬಂದವರು, ಬೇರೆ ಯಾರೂ ಅಲ್ಲ, ಹುಡುಗಿಯ ತಂದೆ.

"ಏನು, ಈ ಕಡೆ ಬಂದ್ರಾ?"

"ಹೌದು, ಹರಕೆ ಒಂದಿತ್ತು" ಎಂದಳು ಅತ್ತೆ.

"ಒಳ್ಳೇದಾಯ್ತು. ತೀರಿಸೋಕಾ?"

"ಅಲ್ಲ, ಹುಡುಕೋಕೆ."

ಅವರು ಅತ್ತೆಯನ್ನು ನೋಡಿದರು, ಆಮೇಲೆ ಎರಡೂ ಕೈಯಲ್ಲಿ ತಲೆ ಹಿಡಿದು ನಿಂತ ನನ್ನನ್ನು ನೋಡಿದರು. ಬೆವರು ಒರೆಸಿಕೊಳ್ಳಲು ಕರ್ಚೀಫು ತೆಗೆದೆ, ಗಂಟುಗಳ ಗೊಂಚಲು ಹೊರಬಂತು. ಅದನ್ನೂ ನೋಡಿದರು. ಸ್ವಲ್ಪ ಹಿಂದೆ ಸರಿದು ಹೇಳಿದರು: "ಆಷಾಢದೊಳಗೆ ಒಂದು ಮಾತು ಹೇಳಿಬಿಡಿ ಮತ್ತೆ. ಬೇರೆ ಕಡೆಯವ್ರೂ ಕೇಳ್ತಾ ಇದಾರೆ."

ಮೇಳಿಗೆಯಲ್ಲೂ ಏನೂ ನೆನಪಾಗಲಿಲ್ಲ. ತಿರುಗಿ ಬರುವ ಬಸ್ಸಿನಲ್ಲಿ ಅತ್ತೆ ಕಿಟಕಿಯ ಆಚೆ ನೋಡುತ್ತ, ದಾರಿಯುದ್ದಕ್ಕೂ ಎಲೆಅಡಿಕೆ ಜಗಿದಳು. ಅದೊಂದು ಅವಳ ಪ್ರಾಣ. ಊಟ ಬಿಟ್ಟಾಳು, ಎಲೆಅಡಿಕೆ ಬಿಡಳು. ದಿಂಬಿನ ಪಕ್ಕ ಎಲೆಯ ತಟ್ಟೆ ಇಲ್ಲದಿದ್ದರೆ ನಿದ್ದೆಯೂ ಇಲ್ಲ. ಜ್ವರದಿಂದ ಎದ್ದವಳು ಗಂಜಿಗಿಂತ ಮೊದಲು ಕೇಳಿದ್ದೂ ಅದನ್ನೇ.

ಮನೆಗೆ ಬಂದ ಮೇಲೆ ನನಗೊಂದು ಹಂಚಿಕೆ ಹೊಳೆಯಿತು. ಕಳೆದ ವಸ್ತುವನ್ನು ಕಳೆದ ಜಾಗದಲ್ಲೇ ಹುಡುಕಬೇಕಲ್ಲವೇ? ಹರಕೆ ಹೊತ್ತದ್ದು ಗುಡಿಯಲ್ಲಲ್ಲ, ನನ್ನ ಹಾಸಿಗೆಯ ಪಕ್ಕ. ಹಾಗಾದರೆ ನಾನು ಮತ್ತೆ ಮಲಗಬೇಕು. ಒಂದು ಭಾನುವಾರ ಬೆಳಿಗ್ಗೆ ಅದೇ ಕೋಣೆಯಲ್ಲಿ ಅದೇ ಕಂಬಳಿ ಹೊದ್ದು ಮಲಗಿದೆ. ಅಮ್ಮ ಹಣೆಗೆ ಒದ್ದೆ ಬಟ್ಟೆ ಹಾಕಿದಳು. ಅಪ್ಪ ಅಂಗಡಿ ಮುಚ್ಚಿ ಬಂದು ಬಾಗಿಲಲ್ಲಿ ನಿಂತರು. ಅತ್ತೆ ಹಳೆಯ ಜಾಗದಲ್ಲಿ ಗೋಡೆಗೊರಗಿ ಕೂತಳು.

"ನರಳು" ಎಂದರು ಅಪ್ಪ.

ನರಳಿದೆ.

"ಇಷ್ಟು ಚೆಂದ ನರಳಿರ್ಲಿಲ್ಲ ನೀನು. ಎಮ್ಮೆ ಕರು ಹಾಕೋವಾಗ ಕೂಗೋ ಹಂಗೆ ಕೂಗ್ತಿದ್ದೆ" ಎಂದಳು ಅತ್ತೆ.

ಎಮ್ಮೆಯಂತೆ ಕೂಗಿದೆ. ಹಿತ್ತಲಿಂದ ಹಸು ಉತ್ತರ ಕೊಟ್ಟಿತು. ಅಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ನಗುತ್ತ ಒಳಗೆ ಓಡಿದಳು.

"ನಗ್ಬೇಡಿ, ನೆನಪು ಬರೋ ಹಂಗಿದೆ" ಎಂದಳು ಅತ್ತೆ. ನಾನು ಇನ್ನೂ ಜೋರಾಗಿ ನರಳಿದೆ. ಅವಳು ನನ್ನ ಹಣೆಯ ಬಟ್ಟೆ ತಿರುವಿ ಹಾಕಿದಳು. ಕಾಲಿನ ಕಂಬಳಿ ಸರಿ ಮಾಡಿದಳು. ಆಮೇಲೆ, ಅಂದು ಎಷ್ಟು ಸಲ ಮಾಡಿದ್ದಳೋ ಹಾಗೆಯೇ, ನನ್ನ ಮುಖ ನೋಡುತ್ತಲೇ ಕೈ ಚಾಚಿ ಎಲೆಯ ತಟ್ಟೆಯನ್ನು ಎಳೆದುಕೊಂಡಳು. ಒಂದು ಎಲೆ ತೆಗೆದು, ತೊಡೆಗೆ ಒರೆಸಿ, ತೊಟ್ಟು ಮುರಿದಳು.

ಕೈ ಅಲ್ಲೇ ನಿಂತಿತು.

ನಾನು ನರಳುವುದನ್ನು ನಿಲ್ಲಿಸಿದೆ. ಅತ್ತೆ ಎಲೆಯನ್ನು ನೋಡುತ್ತಿದ್ದಳು, ಆಗಲೇ ಮೊದಲ ಸಲ ನೋಡುವವಳ ಹಾಗೆ.

"ನೆನಪಾಯ್ತಾ?" ಎಂದರು ಅಪ್ಪ.

"ಆಯ್ತು."

ನಾನು ಎದ್ದು ಕೂತೆ. ಒದ್ದೆ ಬಟ್ಟೆ ಮಡಿಲಿಗೆ ಬಿತ್ತು. "ಅತ್ತೇ, ಮಂಡೆಯಾ?"

"ನಿನ್ ಮಂಡೆ ಯಾವ ದೇವರಿಗೆ ಬೇಕಾ ಮಾರಾಯಾ!"

ಬೇರೇನೂ ಹೇಳಲಿಲ್ಲ, ಕಾನೂನಿತ್ತಲ್ಲ. ಎಲೆಯನ್ನು ತಟ್ಟೆಗೆ ಹಾಕಿದಳು. ಅಡಿಕೆ, ಸುಣ್ಣದ ಡಬ್ಬಿ, ಅಡಕತ್ತರಿ ಎಲ್ಲವನ್ನೂ ಜೋಡಿಸಿ ತಟ್ಟೆಯನ್ನು ಅಪ್ಪನ ಕಡೆ ಸರಿಸಿದಳು. "ಇದನ್ನ ನೀನೇ ಇಟ್ಕೋ ಅಣ್ಣ. ನಂಗಿನ್ನು ಬ್ಯಾಡ." ಆಮೇಲೆ ಹಿತ್ತಲಿಗೆ ಹೋಗಿ ಬಾಯಿ ಮುಕ್ಕಳಿಸಿದಳು. ಬಹಳ ಹೊತ್ತು ಮುಕ್ಕಳಿಸುತ್ತಲೇ ಇದ್ದಳು.

ಅಪ್ಪ ತಟ್ಟೆ ಹಿಡಿದು ನಿಂತೇ ಇದ್ದರು. ನಾನು ಕಂಬಳಿಯೊಳಗೆ ಕೂತು, ನನ್ನ ತಲೆಯಿಂದ ಕೈ ತೆಗೆದೆ. ಅಷ್ಟೂ ದಿನ ನಾನು ಕಾಯುತ್ತಿದ್ದದ್ದು ಹಣೆಯ ಮೇಲಿನ ಒಂದು ಕೂದಲ ಅಲೆಯನ್ನು.

ಆಷಾಢ ಹಿಡಿಯುವ ಮೊದಲೇ ತಾಂಬೂಲ ಬದಲಾಯಿತು. ಮದುವೆಯಲ್ಲಿ ಎಲ್ಲರಿಗೂ ಎಲೆಅಡಿಕೆ ಹಂಚಿದರು. ಅತ್ತೆಯೂ ತೆಗೆದುಕೊಂಡಳು, ಮೂಗಿಗೆ ಹಿಡಿದು ಕಣ್ಣು ಮುಚ್ಚಿ ಒಮ್ಮೆ ಮೂಸಿದಳು, ಪಕ್ಕದವರಿಗೆ ದಾಟಿಸಿದಳು. ಮೊದಲ ಕೆಲವು ತಿಂಗಳು ಅವಳ ಸಿಟ್ಟಿಗೆ ಮನೆಯಲ್ಲಿ ಪಾತ್ರೆಗಳೂ ಹೆದರುತ್ತಿದ್ದವು. "ಕರು ತಿಂದಿದ್ದು ತಿಂತು, ನೀವ್ಯಾರಾ ಅದನ್ನ ಹೊರಗೆ ತೆಗ್ಸೋಕೆ?" ಎಂದು ನನ್ನನ್ನು ಬೈಯುವಳು. ಬೈದು ಮುಗಿದ ಮೇಲೆ ಬಾಯಿಗೆ ಒಂದು ಲವಂಗ ಹಾಕಿಕೊಳ್ಳುವಳು.

ನನ್ನ ಕೂದಲು ಮುಂದೆ ಯಾವ ದೇವರೂ ಕೇಳದೆ ತಾನೇ ಹೋಯಿತು.

ಮದುವೆಯಾದ ಹೊಸತರಲ್ಲಿ ಒಂದು ಸಂಜೆ ಹಿತ್ತಲಿಗೆ ಹೋದರೆ ಅತ್ತೆ ಆ ಕರುವಿನ ಕುತ್ತಿಗೆ ತಬ್ಬಿ ಅದರ ಕಿವಿಯಲ್ಲಿ ಏನೋ ಪಿಸುಗುಟ್ಟುತ್ತಿದ್ದಳು. ಸೆರಗಿನಲ್ಲಿ ಹೊಸೆದು ಬಿಗಿದ ಹೊಸ ಗಂಟಿತ್ತು.

"ಎಂತ ಅತ್ತೆ ಅದು?"

"ಎಲ್ಲಾದ್ರೂ ಒಂದು ಕಡೆ ಹೇಳಿಡು ಅಂತ ನೀನೇ ಅಂತಿದ್ಯಲ್ಲ. ಇದಕ್ಕೆ ಹೇಳಿಟ್ಟೆ. ಇದು ಯಾರಿಗೂ ಬಾಯ್ಬಿಡೋದಿಲ್ಲ."

"ನಾಳೆ ನೀನು ಮರೆತ್ರೆ?"

ಅತ್ತೆ ಸೆರಗಿನ ಗಂಟನ್ನು ಇನ್ನೊಂದು ಸುತ್ತು ಬಿಗಿದಳು. ಕರು ಕಿವಿ ಕೊಡವಿ, ಕುತ್ತಿಗೆ ಚಾಚಿ, ನನ್ನ ಜೇಬಿನಿಂದ ಇಣುಕುತ್ತಿದ್ದ ಗಂಟುಗಳ ಕರ್ಚೀಫನ್ನು ಮೆಲ್ಲಗೆ ಎಳೆದುಕೊಂಡಿತು. ಈ ಸಲ ನಾನು ಬಿಡಿಸಿಕೊಳ್ಳಲು ಹೋಗಲಿಲ್ಲ.