ಎಂಬತ್ತು ಮೆಟ್ಟಿಲಿನ ಬುರುಲ್ಕಾನಕ್ಕ

ಬೆಳಗಿನ ಆರೂವರೆ. ಕಿರ್ಗಿಸ್ತಾನದ ಬಿಷ್ಕೆಕ್‌ನ ನಮ್ಮ ಐದಂತಸ್ತಿನ ಹಳೇ ಕಟ್ಟಡದಲ್ಲಿ ಬುರುಲ್ಕಾನಕ್ಕ ಬಕೆಟ್ಟಿನ ಬಿಸಿನೀರಿಗೆ ಬಟ್ಟೆ ಅದ್ದಿ ಮೆಟ್ಟಿಲು ಒರೆಸುತ್ತಿದ್ದಾರೆ. ಅಷ್ಟರಲ್ಲಿ ಮನೆ ಬೆಚ್ಚಗಿಡುವ ಬಿಸಿನೀರಿನ ಪೈಪಿನಿಂದ ಠಣ್, ಠಣ್, ಠಣ್ ಎಂದು ಮೂರು ಸದ್ದು. ಐದನೇ ಮಹಡಿಯಲ್ಲಿ ಯಾರೋ ಚಮಚದಿಂದ ಬಡಿಯುತ್ತಿದ್ದಾರೆ. ಅಕ್ಕ ಬಟ್ಟೆ ಹಿಂಡಿಟ್ಟು, "ಬಂದೆ ಕಣಮ್ಮಾ, ಪೈಪು ಒಡೆದುಹಾಕ್ಬೇಡ," ಎನ್ನುತ್ತ ಮೇಲೆ ಹತ್ತುತ್ತಾರೆ.

ಬಡಿದವಳು ಜಿಪಾರ್. ಹೊಲಿಗೆ ಕಾರ್ಖಾನೆಯಲ್ಲಿ ಕೆಲಸ, ಈಗ ಹೆರಿಗೆ ರಜೆ; ಗಂಡ ಲಾರಿ ಓಡಿಸುತ್ತ ತಿಂಗಳುಗಟ್ಟಲೆ ಗಡಿಯಾಚೆ ಇರುತ್ತಾನೆ. ಲಿಫ್ಟ್ ಎಂಬುದನ್ನು ಈ ಕಟ್ಟಡ ಕಂಡೇ ಇಲ್ಲ. ಮಗು ಎತ್ತಿಕೊಂಡರೆ ಅದನ್ನು ಕೂರಿಸುವ ತಳ್ಳುಗಾಡಿ ಉಳಿಯಿತು, ಗಾಡಿ ಹೊತ್ತರೆ ಮಗು ಉಳಿಯಿತು. ಗಾಡಿಯನ್ನು ಕೆಳಗೇ ಬಿಟ್ಟರೆ ಸಂಜೆಯೊಳಗೆ ಚಕ್ರ ಮಾಯ. ಮಗುವಿಗೆ ನಲವತ್ತು ದಿನ ತುಂಬಿ ಹೊರಗೆ ತರಬಹುದಾದ ಮೇಲೂ ಜಿಪಾರ್ ಮೂರು ತಿಂಗಳು ಕೆಳಗಿಳಿದಿರಲಿಲ್ಲ.

"ಒಂದಿನ ಅವರ ಬಾಗ್ಲು ಒರೆಸ್ತಿದ್ದೆ. ಒಳಗೆ ತಾಯಿ ಮಗು ಇಬ್ರೂ ಅಳ್ತಿದ್ರು. ಯಾರನ್ನ ಮೊದ್ಲು ಎತ್ಕೊಳ್ಲಿ ಅಂತ ಗೊತ್ತಾಗ್ಲಿಲ್ಲ. ಗಾಡಿ ಎತ್ಕೊಂಡೆ," ಎನ್ನುತ್ತಾರೆ ಅಕ್ಕ.

ಈಗ ಐದು ಮನೆಗಳ ಐದು ಗಾಡಿ. ಬೆಳಿಗ್ಗೆ ಇಳಿಸಿ ಸಂಜೆ ಏರಿಸುತ್ತಾರೆ. ಐದನೇ ಮಹಡಿಗೆ ಎಂಬತ್ತು ಮೆಟ್ಟಿಲು. ಅಕ್ಕನಿಗೆ ಐವತ್ತೇಳು ವರ್ಷ. ಕೊಡುವ ಸಂಬಳ ಮೆಟ್ಟಿಲು ಒರೆಸುವುದಕ್ಕೆ ಮಾತ್ರ. ಗಾಡಿ ಹೊತ್ತಿದ್ದಕ್ಕೆ ಚಹಾ, ಜೊತೆಗೆ ಆಗಷ್ಟೇ ಕರಿದ ಹಿಟ್ಟಿನ ತಿಂಡಿ ಬೋರ್ಸೋಕ್.

ಗಾಡಿ ಇಳಿಸಲು ಕರೆಯಬೇಕಾದಾಗ ಪೈಪು ಬಡಿಯುವ ಉಪಾಯವೂ ಅವರದೇ. ನಮ್ಮಲ್ಲಿ ಪೈಪು ಬಡಿಯುವುದು ನೆರೆಮನೆಯ ಗಲಾಟೆ ತಾಳಲಾರದಾಗ. ಎರಡನೇ ಮಹಡಿಯಲ್ಲಿ ಕೋಮುಜ್ ನುಡಿಸಲು ಕಲಿಯುತ್ತಿದ್ದ ನಾನು, ಬೈಗುಳ ನನಗೇ ಎಂದುಕೊಂಡು ಎರಡು ವಾರ ತಂತಿ ಮುಟ್ಟಲಿಲ್ಲ. ವಿಷಯ ತಿಳಿದ ಅಕ್ಕ, "ಮೊದ್ಲೇ ಗೊತ್ತಿದ್ರೆ ಇನ್ನೂ ಮುಂಚೆ ಬಡೀತಿದ್ವಿ," ಎಂದರು.

ಜಿಪಾರಳ ಮಗಳು ಆಯ್‌ಜಾದಾ ಈಗ ಗೋಡೆ ಹಿಡಿದು ನಿಲ್ಲುತ್ತಾಳೆ. ಮೊನ್ನೆ ಭಾನುವಾರ ಅವಳ ಕಾಲಿಗೆ ಕಪ್ಪು ಬಿಳುಪಿನ ದಾರ ಕಟ್ಟಿ ಕತ್ತರಿಸುವ ಶಾಸ್ತ್ರ. ನಡಿಗೆ ಕಲಿಯುವ ಮಗುವಿಗಾಗಿ ಒಂದು ಓಟವಿಟ್ಟು, ಗೆದ್ದವರು ಕತ್ತರಿಸಬೇಕು. ಕತ್ತರಿಸಿದವರ ನಡಿಗೆಯೇ ಮಗುವಿಗೆ ಬರುತ್ತದೆಂದು ನಂಬಿಕೆ. ಅದು ಅಕ್ಕನೇ ಆಗಬೇಕೆಂದು ಜಿಪಾರಳ ಹಟ. ಅಕ್ಕ ಸುತರಾಂ ಒಪ್ಪಲಿಲ್ಲ.

"ನಂದು ಬಾತುಕೋಳಿ ನಡಿಗೆ. ಪಾಪ, ಮಗು ಜೀವನಪೂರ್ತಿ ನನ್ನ ಬೈಕೊಂಡು ನಡೀಬೇಕಾ? ಚುರುಕು ಕಾಲಿನವರು ಕತ್ತರಿಸ್ಲಿ."

"ಸರಿ ಅಕ್ಕ, ಗೆದ್ದವರೇ ಕತ್ತರಿಸ್ಲಿ. ನೀವೂ ಓಡಿ, ಅಷ್ಟೇ."

"ಓಡ್ತೀನಿ. ಕೊನೇಲಿ ಬರ್ತೀನಿ."

ಭಾನುವಾರ ಅಂಗಳದಲ್ಲಿ ಎಲ್ಲರೂ ಸೇರಿದ ಮೇಲೆ ಜಿಪಾರ್ ಹೊಸ ನಿಯಮ ಹೇಳಿದಳು. ಮಗು ಐದನೇ ಮಹಡಿಯ ಬಾಗಿಲಲ್ಲಿರುತ್ತದೆ. ಓಡುವವರು ಒಂದೊಂದು ತಳ್ಳುಗಾಡಿ ಹೊತ್ತು ಮೆಟ್ಟಿಲು ಹತ್ತಬೇಕು.

ಅಕ್ಕ ಅವಳನ್ನು ದುರುಗುಟ್ಟಿ ನೋಡಿದರು. "ಇದು ಮೋಸ."

"ಮಗು ನಂದು, ಓಟಾನೂ ನಂದೇ," ಎಂದಳು ಜಿಪಾರ್.

ಹೊಲಿಗೆ ಕಾರ್ಖಾನೆಯ ಇಬ್ಬರು ಹುಡುಗಿಯರು ದಡದಡ ಹತ್ತಿ, ಎರಡನೇ ತಿರುವಿನಲ್ಲೇ ಚಕ್ರಕ್ಕೆ ಚಕ್ರ ಸಿಕ್ಕಿಸಿಕೊಂಡರು. ಮೂರನೇ ಮಹಡಿ ಮುಟ್ಟುವಷ್ಟರಲ್ಲಿ ನಾನು ಗಾಡಿ ಇಳಿಸಿ ಗೋಡೆಗೊರಗಿದ್ದೆ. ಅಕ್ಕ ಆ ಹುಡುಗಿಯರ ಚಕ್ರ ಬಿಡಿಸಿಕೊಟ್ಟು, ತಮ್ಮ ಗಾಡಿಯನ್ನು ಓರೆ ಮಾಡಿ, "ಸ್ವಲ್ಪ ಜಾಗ ಬಿಡಪ್ಪಾ," ಎನ್ನುತ್ತ ಎಂದಿನ ನಡಿಗೆಯಲ್ಲೇ ನನ್ನನ್ನು ದಾಟಿ ಹೋದರು.

ನಾನು ಏದುಸಿರು ಬಿಡುತ್ತ ಮೇಲೆ ತಲುಪಿದಾಗ ಅಕ್ಕ ದಾರ ಕತ್ತರಿಸುತ್ತಿದ್ದರು. ಆಯ್‌ಜಾದಾ ಎಡಕ್ಕೊಮ್ಮೆ ಬಲಕ್ಕೊಮ್ಮೆ ವಾಲುತ್ತ ಮೂರು ಹೆಜ್ಜೆ ಇಟ್ಟಳು. ನಗು ತಡೆಯಲು ಯಾರಿಗೂ ಆಗಲಿಲ್ಲ. ಅಕ್ಕ ಮಾತ್ರ ಕಣ್ಣೊರೆಸಿಕೊಂಡರು.

"ನಡೀಲಿ ಬಿಡಿ ನನ್ ಥರಾನೇ. ಐದನೇ ಮಹಡಿ ತನಕ ಮುಟ್ತಾಳಲ್ಲ."